ಎರಡನೆಯ ನೊರೆ

ಪುಣೆಯ ಹತ್ತಿರ ನಿಗಡಿಯ ಹಣಮಂತ್ರಾಯರ ಮನೆಯಲ್ಲಿ ಗೇಟು ಕಾಯುತ್ತ, ಗಿಡಗಳಿಗೆ ನೀರು ಹಾಕುತ್ತ ಹನ್ನೆರಡು ವರ್ಷ ಕಳೆದರೂ ಅವ್ವಣ್ಣ ತನ್ನನ್ನು ಮಾಲಿ ಎಂದಾಗಲಿ ವಾಚಮನ್ ಎಂದಾಗಲಿ ಒಂದು ದಿನವೂ ಹೇಳಿಕೊಳ್ಳಲಿಲ್ಲ. ಪಕ್ಕದ ಪ್ಲಾಟಿನವರು ಮರಾಠಿಯಲ್ಲಿ ಕೇಳಿದರೆ "ಗೂಳ ಕರತೊ" ಎನ್ನುತ್ತಿದ್ದ. ಕನ್ನಡದವರು ಕೇಳಿದರೆ "ಬೆಲ್ಲಾ ಮಾಡ್ತೇನ್ರಿ." ಸುತ್ತ ಕಣ್ಣು ಹಾಯಿಸಿದರೆ ಕಾರಖಾನೆಯ ಶೆಡ್ಡುಗಳು, ಅರ್ಧ ಕಟ್ಟಿದ ಮನೆಗಳು, ಸಿಮೆಂಟಿನ ಚೀಲಗಳು. ಕಬ್ಬಿನ ಒಂದು ಗರಿಯೂ ಇಲ್ಲ. ಕೇಳಿದವರು ನಗುತ್ತಿದ್ದರು. ನಗಲಿ ಬಿಡಿ, ಅವರಿಗೇನು ಗೊತ್ತು.

ಬೆಲ್ಲ ಮಾಡುವುದೆಂದರೆ ಕಬ್ಬಿನ ಹಾಲು ಕುದಿಸಿ ಅಚ್ಚಿಗೆ ಸುರಿಯುವುದು ಎಂದು ಪೇಟೆಯ ಮಂದಿ ತಿಳಿದಿರುತ್ತಾರೆ. ಹಾಗಿದ್ದರೆ ಯಾರು ಬೇಕಾದರೂ ಮಾಡಿಬಿಡುತ್ತಿದ್ದರು. ಬೆಲ್ಲದ ಬಣ್ಣ, ರುಚಿ, ಗಟ್ಟಿತನ ಎಲ್ಲ ನಿಂತಿರುವುದು ನೊರೆ ತೆಗೆಯುವವನ ಕೈಮೇಲೆ. ಕೊಪ್ಪರಿಗೆಯಲ್ಲಿ ಹಾಲು ಬಿಸಿಯೇರಿದಾಗ ಕಬ್ಬಿನ ಕಸ, ಮಣ್ಣು, ಮೇಣವೆಲ್ಲ ಕರೀ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೂತಿನ ಸೌಟಿನಿಂದ ತೆಗೆಯಬೇಕು. ತೆಗೆದಷ್ಟೂ ಬರುತ್ತಿದ್ದರೆ ಸುಣ್ಣದ ತಿಳಿನೀರು ಬಿಡಬೇಕು. ಆಗ ಉಳಿದ ಹೊಲಸೂ ಗಂಟುಕಟ್ಟಿ ಮೇಲೇಳುತ್ತದೆ, ಅದನ್ನೂ ತೆಗೆಯಬೇಕು. ನೊರೆ ಕಂಡ ಕ್ಷಣ ಕೈ ತಾನಾಗಿ ಸೌಟಿಗೆ ಹೋಗದಿದ್ದರೆ ಅವನು ಬೆಲ್ಲದವನಲ್ಲ.

ಅವ್ವಣ್ಣ ಘಟಪ್ರಭೆಯ ದಂಡೆಯ ಊರಿನವ. ಹನ್ನೆರಡನೇ ವರ್ಷಕ್ಕೆ ಒಲೆಗೆ ಕಬ್ಬಿನ ಸಿಪ್ಪೆ ನೂಕಲು ಕುಳಿತವ, ಇಪ್ಪತ್ತಕ್ಕೆ ಸೋದರಮಾವನ ಜೊತೆ ಬಾರಾಮತಿಯ ಕಡೆಗೆ ಬಂದ. ಕಾಲುವೆ ನೀರಿನ ಕಬ್ಬು, ಊರಿಗೆ ನಾಲ್ಕು ಗಾಣ. ಇಪ್ಪತ್ತೆರಡು ಸುಗ್ಗಿ ಅಲ್ಲಿ ಸೌಟು ಹಿಡಿದ. ಅಷ್ಟು ವರ್ಷಗಳಲ್ಲಿ ಅವನ ಕೈಯಲ್ಲಿ ಒಂದು ಕೊಪ್ಪರಿಗೆಯೂ ಕೆಡಲಿಲ್ಲ. ಇದು ಜಂಬದ ಮಾತಲ್ಲ. ಗಾಣದ ಧಣಿಗಳೇ ಮಂದಿಯೆದುರು ಹೇಳುತ್ತಿದ್ದ ಮಾತು. ಆಮೇಲೆ ಸಕ್ಕರೆ ಕಾರಖಾನೆಗಳು ದೊಡ್ಡವಾದವು, ಕಬ್ಬೆಲ್ಲ ಲಾರಿಯೇರಿ ಅತ್ತ ಹೋಯಿತು, ಗಾಣಗಳು ಒಂದೊಂದಾಗಿ ಮುಚ್ಚಿದವು. ಸಾವಿರದ ಒಂಬೈನೂರ ಎಪ್ಪತ್ನಾಲ್ಕರಲ್ಲಿ ಅವನು ತನ್ನ ಸೌಟನ್ನು ಹಳೇ ಧೋತರದಲ್ಲಿ ಸುತ್ತಿಕೊಂಡು ಹೆಂಡತಿ ಚನ್ನಬಸವ್ವನೊಂದಿಗೆ ಪುಣೆಗೆ ಬಂದ. ಅವಳು ಆಕುರ್ಡಿಯ ಕಟ್ಟಡಗಳಲ್ಲಿ ಖಡಿಕಲ್ಲು ಹೊತ್ತಳು. ಅವನು ನಿಗಡಿಯಲ್ಲಿ ಕಟ್ಟುತ್ತಿದ್ದ ಒಂದು ಮನೆಗೆ ಕಾವಲು ನಿಂತ. ಮನೆ ಮುಗಿಯಿತು, ಧಣಿ ಒಕ್ಕಲು ಬಂದರು, ಇವರಿಬ್ಬರೂ ಹಿತ್ತಲಿನ ಎರಡು ಖೋಲಿಯಲ್ಲಿ ಉಳಿದುಬಿಟ್ಟರು.

ಆ ಧಣಿಯೇ ಹಣಮಂತ್ರಾಯರು. ಧಾರವಾಡದ ಮಾಧ್ವರು. ಪಿಂಪರಿಯ ಕಡೆ ಒಂದು ಔಷಧದ ಕಾರಖಾನೆಯಲ್ಲಿ ಕೆಮಿಸ್ಟ್. ಆಳೆತ್ತರದ ಉಕ್ಕಿನ ಪೀಪಾಯಿಗಳಲ್ಲಿ ಔಷಧದ ಬೂಷ್ಟು ಬೆಳೆಸುವುದು ಅವರ ಕೆಲಸ. ಹೆಂಡತಿ ಶಾಮಲಾಬಾಯಿ ಮಡಿ, ಏಕಾದಶಿ, ತುಳಸಿ ಎಂದು ಇರುವವರು, ಹಿತ್ತಲಿನ ಖೋಲಿಯ ನೀರನ್ನೂ ಕುಡಿಯುವವರಲ್ಲ. ಆದರೆ ಕೆಟ್ಟವರಲ್ಲ. ಚನ್ನಬಸವ್ವನಿಗೆ ಜ್ವರ ಬಂದಾಗ ಅಂಗಳದವರೆಗೆ ತಾವೇ ಗಂಜಿ ತಂದಿಟ್ಟವರು. ಕೊಡುವುದು ಸರಿ, ತೆಗೆದುಕೊಳ್ಳುವುದು ಆಗದು, ಅಷ್ಟೇ.

ಇಂಥ ಮನೆಯಲ್ಲಿ ರಾಯರು ಬಿಯರ್ ಮಾಡುತ್ತಿದ್ದರು ಎಂದರೆ ಯಾರು ನಂಬಿಯಾರು? ಮಾಡುತ್ತಿದ್ದರು, ವರ್ಷಕ್ಕೆ ಮೂರೋ ನಾಲ್ಕೋ ಸಲ, ಮೆಟ್ಟಿಲ ಕೆಳಗಿನ ಕತ್ತಲೆ ಖೋಲಿಯಲ್ಲಿ, ಶಾಮಲಾಬಾಯಿಯ ತವರಿನಿಂದ ಬಂದ ಉಪ್ಪಿನಕಾಯಿ ಭರಣಿಯಲ್ಲಿ. ಸರ್ಕಾರಕ್ಕೂ ಇದು ಒಪ್ಪಿಗೆಯಲ್ಲ, ಮಠಕ್ಕೂ ಅಲ್ಲ. ರಾಯರಿಗೆ ಎರಡೂ ಗೊತ್ತಿತ್ತು. ಅದಕ್ಕೇ ಆ ಖೋಲಿಯ ಕಿಟಕಿ ಸದಾ ಮುಚ್ಚಿರುತ್ತಿತ್ತು. ಮನೆಯಲ್ಲಿ ಅದಕ್ಕೆ 'ಔಷಧ' ಎಂದೇ ಹೆಸರು. ಕುಡಿಯುತ್ತಿದ್ದುದೂ ಔಷಧದಷ್ಟೇ. ಭಾನುವಾರ ಒಂದು ಗ್ಲಾಸು, ಉಳಿದದ್ದು ಇಬ್ಬರು ಹಳೇ ಗೆಳೆಯರಿಗೆ.

ಬಿಯರಿಗಿಂತ ಅದರ ಹೆಪ್ಪು ಅವರಿಗೆ ದೊಡ್ಡದು. ಅರವತ್ತೊಂದರಲ್ಲಿ ಕಾರಖಾನೆಯವರು ತರಬೇತಿಗೆಂದು ಇಂಗ್ಲೆಂಡಿಗೆ ಕಳಿಸಿದ್ದಾಗ ಕಪ್ಪು ಮೋರೆ ನೋಡಿ ಯಾರೂ ಖೋಲಿ ಕೊಡಲಿಲ್ಲವಂತೆ. ಒಬ್ಬ ಮುದುಕಿ ಕೊಟ್ಟಳು. ಚಳಿಗೆ ನಡುಗುತ್ತ ಬಂದವನನ್ನು ಅಡುಗೆಮನೆಯ ಒಲೆಯ ಪಕ್ಕದಲ್ಲಿ ಕೂಡಿಸಿದಳು. ತಾನೇ ಮಾಡಿದ ಬಿಯರ್ ಕೊಟ್ಟಳು, ಮಾಡುವುದನ್ನೂ ಕಲಿಸಿದಳು. ಹೊರಟು ಬರುವ ದಿನ ಶಾಯಿ ಹೀರುವ ಕಾಗದದ ಮೇಲೆ ತನ್ನ ಯೀಸ್ಟ್ ಒಣಗಿಸಿ ಪುಸ್ತಕದೊಳಗಿಟ್ಟು ಕೊಟ್ಟಳು. ಊರಿಗೆ ಬಂದು ಆ ಕಾಗದವನ್ನು ಸಕ್ಕರೆ ನೀರಿಗೆ ಹಾಕಿದಾಗ ಮೂರನೆಯ ದಿನ ನೊರೆ ಎದ್ದಿತಂತೆ. ಅಂದಿನಿಂದ ಒಂದು ಸಲದ್ದರಲ್ಲಿ ಸ್ವಲ್ಪ ತೆಗೆದಿಟ್ಟು ಮುಂದಿನ ಸಲಕ್ಕೆ ಹಾಕುವುದು, ಮೊಸರಿನ ಹೆಪ್ಪಿನ ಹಾಗೆ. ಫ್ರಿಜ್ಜಿನಲ್ಲಿ ಒಂದು ಚಿಕ್ಕ ಬಾಟಲಿ, ಅದೇ ಅದರ ಮನೆ. ನೌಕರಿಯಲ್ಲಿರುವ ತನಕ ಕಾರಖಾನೆಯ ಕೋಲ್ಡ್ ರೂಮಿನಲ್ಲಿ ಇನ್ನೊಂದು ಬಾಟಲಿ ಇತ್ತು. ಎಪ್ಪತ್ತೇಳರಲ್ಲಿ ರಿಟಾಯರ್ ಆದಮೇಲೆ ಇದೊಂದೇ. ಮುದುಕಿ ಎಂದೋ ತೀರಿಹೋಗಿದ್ದಳು.

ಅವ್ವಣ್ಣನಿಗೆ ಈ ಕೆಲಸ ಸಿಕ್ಕಿದ್ದು ಅವನ ಕೈಯ ಚಾಳಿಯಿಂದಲೇ. ಒಮ್ಮೆ ರಾಯರು ಹಿತ್ತಲಿನಲ್ಲಿ ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿಯ ರಸ ಕುದಿಸುತ್ತಿದ್ದರು. ನೊರೆ ಉಕ್ಕಿ ಒಲೆಗೆ ಬೀಳುತ್ತಿತ್ತು, ರಾಯರು ಊದುತ್ತ ಕಣ್ಣೊರೆಸಿಕೊಳ್ಳುತ್ತ ಪರದಾಡುತ್ತಿದ್ದರು. ಗಿಡಕ್ಕೆ ನೀರು ಬಿಡುತ್ತಿದ್ದ ಅವ್ವಣ್ಣ ಪೈಪು ಬಿಸಾಕಿ ಖೋಲಿಗೆ ಓಡಿ, ಧೋತರದಲ್ಲಿ ಸುತ್ತಿಟ್ಟ ಸೌಟು ತಂದು, ಕೇಳದೆ ಹೇಳದೆ ನೊರೆ ತೆಗೆಯತೊಡಗಿದ. ಒಲೆಯಿಂದ ಎರಡು ಕೊಳ್ಳಿ ಹಿಂದಕ್ಕೆಳೆದ. ರಸ ತಿಳಿಯಾಯಿತು. ರಾಯರು ಥರ್ಮಾಮೀಟರು ಹಿಡಿದು ನೋಡುವ ಕಾವನ್ನು ಅವ್ವಣ್ಣ ಗುಳ್ಳೆಯ ಗಾತ್ರ ನೋಡಿ ಹೇಳಿದ.

"ನೀ ಯಾರ ಮಾರಾಯಾ?" ಎಂದರು ರಾಯರು, ಆರು ತಿಂಗಳಿಂದ ತಮ್ಮ ಗೇಟಿನಲ್ಲಿ ನಿಂತವನಿಗೆ.

"ಬೆಲ್ಲದಾಂವರೀ," ಎಂದ ಅವ್ವಣ್ಣ.

ಅಂದಿನಿಂದ ಕುದಿಸುವುದು ಅವನ ಪಾಲು. ಜವೆಗೋಧಿ ನೆನೆಹಾಕಿ, ಗೋಣಿತಟ್ಟಿನಲ್ಲಿ ಮೊಳಕೆ ಬರಿಸಿ, ಮಾಳಿಗೆಯ ಮೇಲೆ ಒಣಗಿಸುವುದು ಚನ್ನಬಸವ್ವನ ಪಾಲು. ಕಾಶ್ಮೀರದ ಕಡೆಯಿಂದ ಗೆಳೆಯರು ಕಳಿಸುವ ಒಣ ಕಹಿ ಹೂವು ಹಾಕಿ ಕುದಿ ಮುಗಿದಮೇಲೆ ಭರಣಿ ಮೆಟ್ಟಿಲ ಖೋಲಿಗೆ ಹೋಗುತ್ತಿತ್ತು, ಬಾಗಿಲು ಮುಚ್ಚುತ್ತಿತ್ತು. ಒಳಗೆ ಏನಾಗುತ್ತದೆ ಎಂಬುದು ರಾಯರ ಪಾಲು. ಅವ್ವಣ್ಣ ಎಂದೂ ಒಳಗೆ ಹೋಗಿರಲಿಲ್ಲ, ರುಚಿಯನ್ನಂತೂ ಕೇಳಲೇಬೇಡಿ. ಅವನ ಕೊರಳಲ್ಲಿ ಲಿಂಗವಿತ್ತು. ಹೆಂಡತಿಗೂ 'ರಾಯರ ಔಷಧ' ಎಂದೇ ಹೇಳಿದ್ದ. ಆದರೂ ಕುದಿಸುವ ದಿನ ಅವನ ನಡಿಗೆಯೇ ಬೇರೆ. ಗಾಣ ಮುಚ್ಚಿದಮೇಲೆ ತನ್ನ ಕೈಗಳು ಪೈಪು ಹಿಡಿಯಲಿಕ್ಕೇ ಉಳಿದವು ಎಂದುಕೊಂಡಿದ್ದವನಿಗೆ ವರ್ಷಕ್ಕೆ ನಾಲ್ಕು ದಿನವಾದರೂ ಕೈಗೆ ಮರ್ಯಾದೆ ಸಿಗುತ್ತಿತ್ತು.

ಎಂಬತ್ತೊಂದರ ಡಿಸೆಂಬರಿನಲ್ಲಿ ರಾಯರ ಎಡಗಣ್ಣಿನ ಪೊರೆ ತೆಗೆಯಬೇಕಾಯಿತು. ಆಸ್ಪತ್ರೆಯವರು ತಿಂಗಳೊಪ್ಪತ್ತು ಬಿಟ್ಟು ಕರೆಯುತ್ತಾರೆಂದು ರಾಯರು ಭರಣಿ ತುಂಬಿ, ಬಾಟಲಿಯ ಹೆಪ್ಪನ್ನೆಲ್ಲ ಅದಕ್ಕೆ ಸುರಿದಿದ್ದರು. ಮರುದಿನವೇ ಕರೆ ಬಂತು, ನಾಳೆಯೇ ಬಂದು ದಾಖಲಾಗಿ ಎಂದು. ಹೊರಡುವ ಗಡಿಬಿಡಿಯಲ್ಲಿ ರಾಯರು ಮೆಟ್ಟಿಲ ಖೋಲಿಯ ಚಾವಿಯನ್ನು ಅವ್ವಣ್ಣನ ಅಂಗೈಯಲ್ಲಿಟ್ಟರು.

"ದಿನಾ ಒಮ್ಮೆ ನೋಡ್ಕೋ. ನಿನ್ನ ಕೈ ನನಗ ಗೊತ್ತದ. ನಿನಗ ಬಿಟ್ಟೇನಿ."

ಅಷ್ಟೇ ಹೇಳಿದ್ದು. ಇನ್ನೊಂದು ಮಾತು ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಆ ಇನ್ನೊಂದು ಮಾತು ಹೇಳಬೇಕಾದೀತು ಎಂದು ಅವರಿಗೆ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಅವ್ವಣ್ಣ ಮೈತೊಳೆದು, ಲಿಂಗಪೂಜೆ ಮುಗಿಸಿ, ಚಾವಿ ಹಚ್ಚಿ ಬಾಗಿಲು ತೆರೆದ. ಭರಣಿಯ ಮೇಲಿನ ಬಟ್ಟೆ ಸರಿಸಿ ನೋಡಿದರೆ ಗೇಣೆತ್ತರದ ನೊರೆ. ಒಲೆಯಿಲ್ಲ, ಕಾವಿಲ್ಲ, ಆದರೂ ಹೊಲಸು ಮೇಲೆ ಬರುತ್ತಿದೆ. ಅಂದರೆ ಕುದಿಸುವಾಗ ತಾನು ಸರಿಯಾಗಿ ತೆಗೆದಿಲ್ಲ. ಕೈ ಸೌಟಿಗೆ ಹೋಯಿತು. ಪೂರ್ತಿ ತೆಗೆದ. ಸಂಜೆಗೆ ಮತ್ತೆ ಬಂದಿತ್ತು, ಮತ್ತೆ ತೆಗೆದ. ಎರಡನೆಯ ದಿನವೂ ಬಂತು. ಮೂರನೆಯ ದಿನ ಅವನು ವೀಳ್ಯದ ಸುಣ್ಣವನ್ನಲ್ಲ, ಗೋಡೆಗೆ ಬಳಿಯಲು ತಂದಿದ್ದ ಸುಣ್ಣವನ್ನು ನೀರಲ್ಲಿ ಕಲಸಿ, ತಿಳಿ ಬಸಿದು, ಒಂದು ತುಂಬಿದ ಚರಿಗೆಯಷ್ಟನ್ನು ಭರಣಿಗೆ ಬಿಟ್ಟ. ಗಾಣದಲ್ಲಿ ಇದು ಎಂದೂ ಸುಳ್ಳಾಗಿರಲಿಲ್ಲ. ಇಲ್ಲೂ ಆಗಲಿಲ್ಲ. ಐದನೆಯ ದಿನಕ್ಕೆ ನೊರೆ ನಿಂತಿತು. ಭರಣಿಯೊಳಗಿನ ರಸ ತಿಳಿಯಾಗಿ, ಅಲ್ಲಾಡದೆ, ಕನ್ನಡಿಯ ಹಾಗೆ ಮಲಗಿತು. ಅವ್ವಣ್ಣ ಸಮಾಧಾನದಿಂದ ಬಾಗಿಲು ಹಾಕಿದ.

ತೆಗೆದ ನೊರೆಯನ್ನು ಅವನು ಚೆಲ್ಲಿರಲಿಲ್ಲ. ಗಾಣದ ನೊರೆ ಎತ್ತುಗಳಿಗೆ. ಬಾಯಿಗೆ ಬರುವ ಪದಾರ್ಥವನ್ನು ಗಟಾರಿಗೆ ಹಾಕುವುದು ಅವರಲ್ಲಿ ಇಲ್ಲ. ಇಲ್ಲಿ ಎತ್ತು ಎಲ್ಲಿಂದ ಬರಬೇಕು? ಬೋಗುಣಿಯಲ್ಲಿ ಹೆಂಡತಿಯ ಮುಂದಿಟ್ಟ. "ಔಷಧದ ನೊರಿ. ಏನರೆ ಮಾಡು," ಎಂದ. ಚನ್ನಬಸವ್ವ ಮೂಸಿ ನೋಡಿ, ಏನೂ ಹೇಳದೆ, ಪಡ್ಡಿನ ಹಿಟ್ಟಿನ ಗಡಿಗೆಗೆ ಸುರಿದುಕೊಂಡಳು.

ಹತ್ತು ದಿನದ ಮೇಲೆ ರಾಯರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮನೆಗೆ ಬಂದರು. ಮೇಲಿನ ಖೋಲಿಯಲ್ಲಿ ಇನ್ನೂ ಹತ್ತು ದಿನ ಮಲಗಿರಬೇಕು, ಬಗ್ಗಬಾರದು, ಮೆಟ್ಟಿಲು ಇಳಿಯಬಾರದು. ಅವ್ವಣ್ಣ ಬಾಗಿಲಲ್ಲಿ ನಿಂತು ವರದಿ ಕೊಟ್ಟ.

"ನೊರಿ ಭಾಳ ಬಂದಿತ್ರಿ. ಈಗ ನಿಂತು ತಿಳಿ ಆಗೇತಿ."

"ಶಾಬಾಸ್," ಎಂದರು ರಾಯರು. ಅವರಿಗೆ ಅದು ಒಳ್ಳೆಯ ಸುದ್ದಿ. ನೊರೆ ತಾನಾಗಿ ಎದ್ದು ತಾನಾಗಿ ಇಳಿದರೆ ಕೆಲಸ ಮುಗಿಯಿತೆಂದೇ ಅರ್ಥ. ಆ ಹತ್ತು ದಿನ ಇಬ್ಬರೂ ಹಾಯಾಗಿ ಮಲಗಿದರು.

ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಹಾಕಿ, ಗೋಡೆ ಹಿಡಿದು ರಾಯರು ಕೆಳಗಿಳಿದದ್ದು ಒಂದು ಸೋಮವಾರ. ರಸದಲ್ಲಿ ಎಷ್ಟು ಸಿಹಿ ಉಳಿದಿದೆ ಎಂದು ತೋರಿಸುವ ಗಾಜಿನ ತೇಲುಗೊಳವೆಯನ್ನು ಬಿಟ್ಟರು. ಅಂಕಿ ಕಾಣಲಿಲ್ಲ. ಶಾಮಲಾಬಾಯಿಯನ್ನು ಕರೆದರು. ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಗ್ಗಿ ಓದಿದರು.

"ಮೂವತ್ತಾರ ಅದರೀ."

"ಸರಿ ನೋಡು. ಹತ್ತು ಇರಬೇಕು."

"ಸರೀನ ನೋಡೇನಿ. ಮೂವತ್ತಾರ."

ನಲವತ್ತೈದರಿಂದ ಹೊರಟದ್ದು ಹತ್ತಕ್ಕೆ ಇಳಿಯಬೇಕು. ಮೂವತ್ತಾರಕ್ಕೇ ನಿಂತುಬಿಟ್ಟಿತ್ತು. ಚಳಿಗೆ ನಿದ್ದೆಹೋಗಿದೆ ಎಂದುಕೊಂಡ ರಾಯರು ಭರಣಿಗೆ ಕಂಬಳಿ ಹೊದಿಸಿದರು. ಬಿಸಿನೀರಿನ ಹಂಡೆಯ ಪಕ್ಕಕ್ಕೆ ಸರಿಸಿದರು. ತಳದ ಗಸಿ ಮೇಲೇಳುವಂತೆ ಮೆಲ್ಲಗೆ ತಿರುವಿದರು. ಎರಡು ದಿನ ಕಾದರು. ಒಂದು ಗುಳ್ಳೆಯೂ ಏಳಲಿಲ್ಲ. ಆ ಗಸಿಯನ್ನೇ ಒಂದು ಚಮಚೆ ತೆಗೆದು ಬೆಚ್ಚಗಿನ ಬೆಲ್ಲದ ನೀರಿಗೆ ಹಾಕಿ ನೋಡಿದರು. ಸತ್ತಿತ್ತು. ಫ್ರಿಜ್ಜಿನ ಬಾಟಲಿ ಖಾಲಿ. ಇಪ್ಪತ್ತು ವರ್ಷ ಕಾಯ್ದ ಹೆಪ್ಪು ಹೋಗಿತ್ತು.

ಸಿಟ್ಟು ಯಾರ ಮೇಲೆ ಬೀಳಬೇಕು? ಮನೆಯಲ್ಲಿದ್ದವರ ಮೇಲೆ. ಶಾಮಲಾಬಾಯಿ ಚಂಪಾಷಷ್ಠಿಯ ಹಿಂದಿನ ದಿನ ಮನೆಯೆಲ್ಲ ಫಿನೈಲಿನಿಂದ ಒರೆಸಿದ್ದರು.

"ಮೆಟ್ಟಿಲ ಖೋಲಿನೂ ಒರಸಿರಬೇಕು. ನಿನ್ನ ಮಡಿಯಿಂದ ಸತ್ತದ ಅದು."

"ಮೆಟ್ಟಿಲ ಒರಸೇನಿ. ಆ ಖೋಲಿ ಚಾವಿ ನನ್ನ ಹತ್ರ ಇರಲೇ ಇಲ್ಲ. ಭರಣಿ ಮುಟ್ಟಿಲ್ಲ ನಾ."

"ಮೊದಲಿಂದ ನಿನಗ ಅದು ಬ್ಯಾಡಾಗಿತ್ತು."

ಆ ಮಾತಿಗೆ ಶಾಮಲಾಬಾಯಿ ಎದ್ದು ಒಳಗೆ ಹೋದರು. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇಲ್ಲಿ ಉಂಡದ್ದೂ ಆಯಿತು, ಮಲಗಿದ್ದೂ ಆಯಿತು, ನಾಲ್ಕು ದಿನ ಕಳೆದರೂ ಒಂದು ಮಾತಿಲ್ಲ. ತಾಟು ಇಡುವುದು, ತಾಟು ಎತ್ತುವುದು, ಅಷ್ಟೇ ಸಪ್ಪಳ.

ಈ ನಾಲ್ಕು ದಿನದ ನಡುವೆಯೇ ರಾಯರು ತುಳಸಿಕಟ್ಟೆಯ ಹತ್ತಿರ ಕುಳಿತು ಅವ್ವಣ್ಣನ ಮುಂದೆ ದುಃಖ ತೋಡಿಕೊಂಡದ್ದು. "ಆ ನೊರಿ ಅಂದ್ರ ಏನಂತ ತಿಳದೀ? ಅದೇ ಹೆಪ್ಪು, ಅದರ ಜೀವನೇ ಮ್ಯಾಲೆ ತೇಲತದ. ಮುದುಕಿ ಆ ನೊರೀನೇ ಕಾಗದದ ಮ್ಯಾಲೆ ಸವರಿ ಕೊಟ್ಟಿದ್ಲು."

ಅವ್ವಣ್ಣನ ಕೈಯಲ್ಲಿದ್ದ ಪೈಪಿನ ನೀರು ಗಿಡ ಬಿಟ್ಟು ಅವನ ಕಾಲಮೇಲೆ ಸುರಿಯುತ್ತಿತ್ತು. ಅವನಿಗೆ ಅರಿವಾಗಲಿಲ್ಲ. ಸೌಟು, ಬೋಗುಣಿ, ಸುಣ್ಣದ ಚರಿಗೆ ಎಲ್ಲ ಕಣ್ಣಮುಂದೆ ಬಂದವು. ರಾಯರಿಗೆ ಆ ಕಪ್ಪು ಕನ್ನಡಕದಲ್ಲಿ ಅವನ ಮೋರೆ ಕಾಣಲಿಲ್ಲ.

ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಅದನ್ನೂ ಯೋಚಿಸಿದ, ಸುಳ್ಳೇಕೆ. ಶಾಮಲಾಬಾಯಾರ ಮೇಲೆ ಬಂದ ಮಾತು ಇವತ್ತಲ್ಲ ನಾಳೆ ಇಳಿಯುತ್ತದೆ, ಅವರು ಗಂಡಹೆಂಡಿರು. ತನ್ನ ಮೇಲೆ ಬಂದದ್ದು ಇಳಿಯುವುದಿಲ್ಲ. ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು. ಈ ಗಾದೆಯನ್ನು ಗಾಣದ ಧಣಿಗಳು ಬೇರೆ ಆಳುಗಳಿಗೆ ಹೇಳುವಾಗ ಅವನೂ ನಕ್ಕಿದ್ದ. 'ಅವ್ವಣ್ಣನ್ನ ಬಿಟ್ಟು' ಎಂದು ಧಣಿ ಸೇರಿಸುತ್ತಿದ್ದರು. ಹೇಳಿದರೆ ಆ ಮಾತು ಹೋಗುತ್ತದೆ. ಚಾವಿ ಹೋಗುತ್ತದೆ. ಸೌಟು ಮತ್ತೆ ಧೋತರದಲ್ಲಿ ಸುತ್ತಿಕೊಳ್ಳುತ್ತದೆ, ಈ ಸಲ ಕಾಯಂ.

ಅವನು ಉಣ್ಣುವುದು ಬಿಟ್ಟ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ, ಹಾಗೆ ಯಾರಾದರೂ 'ಭರಣಿ' ಎಂದರೆ ಸಾಕು, ಎದ್ದು ಹೋಗುತ್ತಿದ್ದ. ನಾಲ್ಕನೆಯ ಮಧ್ಯಾಹ್ನ ಶಾಮಲಾಬಾಯಿ ತುಳಸಿಗೆ ನೀರು ಹಾಕುತ್ತ ನಿಂತಲ್ಲೇ ಕಣ್ಣೊರೆಸಿಕೊಂಡದ್ದನ್ನು ಅವನು ನೋಡಿದ. ಇಪ್ಪತ್ತು ವರ್ಷ ಗಂಡನ ಔಷಧವನ್ನು ಮೂಗು ಮುಚ್ಚಿಕೊಂಡು ಸಹಿಸಿದ ಹೆಂಗಸು. ತವರಿನ ಭರಣಿ ಕೊಟ್ಟವಳು. ಅವ್ವಣ್ಣ ಪೈಪು ಕೆಳಗಿಟ್ಟು ನೇರ ಪಡಸಾಲೆಗೆ ಹೋಗಿ ರಾಯರ ಮುಂದೆ ನಿಂತ.

"ಬಾಯಾರದೇನೂ ತಪ್ಪಿಲ್ರಿ. ನೊರಿ ನಾ ತಗದೇನಿ."

"ಏನಂದಿ?"

"ನಾಕ ದಿನಾ ತಗದೇನ್ರಿ. ನಿಲ್ಲವಲ್ಲದಾತು. ಸುಣ್ಣದ ತಿಳಿ ಬಿಟ್ಟೇನಿ. ಬೆಲ್ಲಕ್ಕ ಬಿಡತೀವಲ್ರಿ, ಹಂಗ."

"ಸುಣ್ಣಾ?" ರಾಯರ ದನಿ ಸಣ್ಣದಾಯಿತು. "ಎಷ್ಟು?"

"ಒಂದ ಚರಿಗಿ."

ಬಾಗಿಲ ಮರೆಯಲ್ಲಿ ಶಾಮಲಾಬಾಯಿಯ ಬಳೆಯ ಸದ್ದು ಕೇಳಿ ನಿಂತಿತು. ರಾಯರು, "ಈಗ ನನ್ನ ಮುಂದ ನಿಂದರಬ್ಯಾಡ," ಎಂದರು. ಅವ್ವಣ್ಣ ಚಾವಿಯನ್ನು ಮೇಜಿನ ಮೇಲಿಟ್ಟು ಬಂದ.

ಖೋಲಿಗೆ ಬಂದು ಹೆಂಡತಿಗೆ ಎಲ್ಲ ಹೇಳಿದ. ಔಷಧವಲ್ಲ, ಶೆರೆ ಎಂಬುದನ್ನೂ ಹೇಳಿದ. ಅವಳು ಬಿದ್ದು ಅತ್ತಾಳು ಎಂದುಕೊಂಡಿದ್ದ. ಚನ್ನಬಸವ್ವ ಹಿಟ್ಟು ತಿರುವುತ್ತಲೇ ಇದ್ದಳು.

"ನನಗೇನ ಮೂಗಿಲ್ಲೇನು?" ಎಂದಳು. "ಆರು ವರ್ಷ ಆತು ಗೊತ್ತಾಗಿ. ನೀವಾಗೇ ಹೇಳ್ತೀರಂತ ಕಾದೆ."

"ಮತ್ತ ಆ ನೊರಿ ಪಡ್ಡಿಗೆ ಹಾಕಿದೆಲ್ಲ?"

"ಕಾದ ತವಿ ಮ್ಯಾಲೆ ಯಾವ ಅಮಲು ಉಳಿತೈತಿ? ಹಿಟ್ಟು ಚಲೋ ಉಬ್ಬಿತು, ಹಾಕಿದೆ. ನೀವೂ ಮೂರು ವಾರದಿಂದ ತಿನ್ನಾಕತ್ತೀರಿ."

ಮರುದಿನ ಬೆಳಿಗ್ಗೆ ಅವ್ವಣ್ಣ ಗಂಟು ಕಟ್ಟುವುದೋ ಬಿಡುವುದೋ ಎಂದು ಗೋಡೆಗೊರಗಿ ಕುಳಿತಿದ್ದಾಗ ಹಿತ್ತಲಿನ ಕಟ್ಟೆಯ ಮೇಲೆ ಕೋಲಿನ ಸದ್ದಾಯಿತು. ರಾಯರು. ಹಿಂದೆಯೂ ಅವರು ಶಾಮಲಾಬಾಯಿಯ ಕಣ್ಣು ತಪ್ಪಿಸಿ ಆ ಕಟ್ಟೆಗೆ ಬಂದು ಚನ್ನಬಸವ್ವನ ಪಡ್ಡು ತಿನ್ನುತ್ತಿದ್ದುದುಂಟು. ಬಂದು ಕುಳಿತರು. ಇಬ್ಬರು ಗಂಡಸರೂ ಒಬ್ಬರ ಮೋರೆ ಒಬ್ಬರು ನೋಡಲಿಲ್ಲ. ಚನ್ನಬಸವ್ವ ತಾನೇ ತಾಟಿನಲ್ಲಿ ನಾಲ್ಕು ಬಿಸಿ ಪಡ್ಡು, ಶೇಂಗಾ ಚಟ್ನಿ ಇಟ್ಟಳು. ನಿಷ್ಠುರವಾಗಿದ್ದರೂ ಮನೆಗೆ ಬಂದವರಿಗೆ ತಾಟು ಇಡದಿರಲು ಬರುತ್ತದೆಯೇ?

"ತಪ್ಪು ನಂದೂ ಅದ," ಎಂದರು ರಾಯರು ಅಂಗಳದ ಕಡೆ ನೋಡುತ್ತ. "ಬೆಲ್ಲದಾಂವನ ಕೈಯಾಗ ಕೊಟ್ಟು ನೊರಿ ಮುಟ್ಟಬ್ಯಾಡ ಅನ್ನಲಿಲ್ಲ ನಾ."

ಹಾಗೆನ್ನುತ್ತ ಒಂದು ಪಡ್ಡು ಮುರಿದರು. ಹಬೆ ಎದ್ದಿತು. ಬಾಯಿಗೆ ಒಯ್ದ ಕೈ ಅಲ್ಲೇ ನಿಂತಿತು. ಕಣ್ಣು ಮಂಜಾಗಿದ್ದರೂ ಮೂಗು ಹರಿತವಾಗಿತ್ತು. ಮುರಿದ ತುಂಡನ್ನು ಮತ್ತೆ ಮೂಸಿದರು, ಮೂರನೆಯ ಸಲ ಮೂಸಿದರು.

"ಇದರಾಗ ಏನ ಹಾಕೀಯವಾ ಚನ್ನಬಸವ್ವಾ?"

"ನಿಮ್ಮ ಔಷಧದ ನೊರಿರೀ. ಇವರು ತಂದಿದ್ರಲ್ಲ."

"ಯಾವಾಗ?"

"ಸುಣ್ಣಾ ಹಾಕೂಕಿಂತ ಮೊದಲ ತಂದಿದ್ದು. ಹಳೇ ಹಿಟ್ಟಿನಾಗ ಒಂದ ಸೌಟು ಉಳಿಸಿ ಹೊಸಾದಕ್ಕ ಕೂಡಸ್ತೇನ್ರಿ. ನಡದೈತಿ."

ರಾಯರು ತಾಟು ಕೆಳಗಿಟ್ಟರು. "ಆ ಗಡಿಗಿ ತಾ. ಅಲುಗಾಡಸಬ್ಯಾಡ," ಎಂದರು. ಅವರ ಮೋರೆಯನ್ನು ಅವ್ವಣ್ಣ ಈಗ ಧೈರ್ಯಮಾಡಿ ನೋಡಿದ.

ಮುಂದಿನ ಹನ್ನೆರಡು ದಿನ ಆ ಮನೆಯಲ್ಲಿ ಬೇರೆ ಮಾತಿಲ್ಲ. ಹಿಟ್ಟಿನಲ್ಲಿ ಮುದುಕಿಯ ಹೆಪ್ಪಿನ ಜೊತೆ ಹುಳಿಯ ಹೆಪ್ಪೂ ಸೇರಿತ್ತು. ಕಹಿ ಹೂವಿನ ನೀರನ್ನು ಹುಳಿ ಸಹಿಸುವುದಿಲ್ಲ, ಯೀಸ್ಟ್ ಸಹಿಸುತ್ತದೆ. ರಾಯರು ಒಂದು ಚಮಚೆ ಹಿಟ್ಟನ್ನು ಕಹಿ ಹೂವು ಹಾಕಿ ಕುದಿಸಿದ ಜವೆ ರಸದ ಬಟ್ಟಲಿಗೆ ಬಿಟ್ಟರು. ಅದು ಎದ್ದಮೇಲೆ ಅದರ ನೊರೆಯನ್ನಷ್ಟೇ ಎರಡನೆಯ ಬಟ್ಟಲಿಗೆ, ಅಲ್ಲಿಂದ ಮೂರನೆಯದಕ್ಕೆ ದಾಟಿಸಿದರು. ಮೊದಲನೆಯದು ಹುಳಿ ವಾಸನೆ ಹೊಡೆಯಿತು. ಎರಡನೆಯದು ಕಡಿಮೆ. ಮೂರನೆಯ ಬಟ್ಟಲನ್ನು ಮೂಸಿ ರಾಯರು ಮಾತಾಡದೆ ಶಾಮಲಾಬಾಯಿಯ ಕಡೆ ಹಿಡಿದರು. ಆಕೆ ಮೂಗಿನ ಮೇಲಿನ ಸೆರಗು ತೆಗೆದು ಮೂಸಿದರು. "ಹೌದ್ರಿ, ಅದೇ," ಎಂದರು. ಅದು ಹದಿನಾರು ದಿನದ ಮೇಲೆ ಗಂಡನೊಡನೆ ಆಡಿದ ಮೊದಲ ಮಾತು. ರಾಯರು ಅಲ್ಲೇ, ಅವ್ವಣ್ಣನ ಎದುರಿಗೇ, "ಸುಮ್ಮನ ಅಂದೆ ನಿನಗ," ಎಂದರು.

ನಿಂತುಹೋದ ಭರಣಿಯನ್ನೂ ಅವರು ಬಿಡಲಿಲ್ಲ. ಸುಣ್ಣಕ್ಕೆ ನಿಂಬೆ. ಹಿತ್ತಲಿನ ಗಿಡದ ನಿಂಬೆಹಣ್ಣು ಹಿಂಡಿ, ನಾಲಿಗೆಗೆ ಸುಣ್ಣದ ರುಚಿ ಹೋಗುವತನಕ ರಸ ಬಿಟ್ಟು, ಅವ್ವಣ್ಣನ ಕೈಯಿಂದ ಮತ್ತೊಂದು ಕುದಿ ಹಾಕಿಸಿ, ಆರಿಸಿ, ಮೂರನೆಯ ಬಟ್ಟಲನ್ನು ಅದಕ್ಕೆ ಸುರಿದರು. ಮರುದಿನ ಬೆಳಿಗ್ಗೆ ಮೆಟ್ಟಿಲ ಖೋಲಿಯ ಚಾವಿಯನ್ನು ಅವ್ವಣ್ಣನ ಮುಂದೆ ಹಿಡಿದರು. ಅವನು ಕೈ ಹಿಂದೆ ಕಟ್ಟಿಕೊಂಡ.

"ಬ್ಯಾಡ್ರಿ ರಾಯರ."

"ನನಗ ಕಣ್ಣು ಸರಿ ಕಾಣಂಗಿಲ್ಲ. ಸೌಟು ತೊಗೊಂಡು ಬಾ."

ಬಟ್ಟೆ ಸರಿಸಿದರೆ ನೊರೆ ಎದ್ದಿತ್ತು. ಅವ್ವಣ್ಣನ ಕೈ ತಾನಾಗಿ ಮುಂದೆ ಹೋಯಿತು, ಅಲ್ಲೇ ತಡೆದು ಹಿಂದೆಳೆದುಕೊಂಡ.

"ಯಾವ ಬಣ್ಣ ಅದ?" ಎಂದರು ರಾಯರು.

"ಕಂದಗೈತ್ರಿ. ಮ್ಯಾಲೆ ಹೂವಿನ ಕಸ."

"ಅದನ್ನ ತಗಿ."

ಅವ್ವಣ್ಣ ನಂಬದೆ ನಿಂತ. "ಅದು ಹೊಲಸ. ಮುದುಕಿನೂ ತಗೀತಿದ್ಲು. ಮೊದಲನೇ ನೊರಿ ಚೆಲ್ಲಾಕ, ಎರಡನೇದು ಇಡಾಕ," ಎಂದರು ರಾಯರು. "ಎರಡರ ನಡುವ ಎಲ್ಲಿ ಗೆರಿ ಅನ್ನೋದು ನನಗ ಇಪ್ಪತ್ತು ವರ್ಷಾದ್ರೂ ಸರಿ ತಿಳೀಲಿಲ್ಲ. ನೀ ನೋಡಿ ಹೇಳು."

ಅವ್ವಣ್ಣ ಕಂದು ನೊರೆಯನ್ನು ತೆಗೆದ. ಗಾಣದಲ್ಲಿ ಮಾಡುತ್ತಿದ್ದ ಹಾಗೆಯೇ, ರಸ ಕಲಕದಂತೆ, ಅಂಚಿನಿಂದ ನಡುವಿಗೆ. ಕೆಳಗೆ ಬಿಳಿಯದು ಏಳುವುದನ್ನು ಕಾದ. ಇಷ್ಟು ವರ್ಷ ತೆಗೆಯುವುದನ್ನೇ ಕಲಿತಿದ್ದ ಕೈ ಅದು, ಬಿಡುವುದನ್ನು ಐವತ್ತಕ್ಕೆ ಬಂದಮೇಲೆ ಕಲಿಯಬೇಕಾಯಿತು. ಸಂಜೆಗೆ ಕೆನೆಯಂಥ ಬಿಳಿ ನೊರೆ ನಿಂತಾಗ, "ಈಗ ಬಂತ್ರಿ," ಎಂದ. ಒಂದು ಸೌಟು ಬಾಟಲಿಗೆ ಹೋಯಿತು. ಬಾಗಿಲಲ್ಲಿ ಚನ್ನಬಸವ್ವ ತನ್ನ ಗಡಿಗೆ ಹಿಡಿದು ನಿಂತಿದ್ದಳು. "ಆಕಿದೂ ತುಂಬು," ಎಂದರು ರಾಯರು, "ಒಂದೇ ಮನಿಯಾಗ ಇಡೂದು ಚಲೋ ಅಲ್ಲ." ಭರಣಿಯ ಅಂಕಿ ಹದಿಮೂರಕ್ಕೆ ಇಳಿಯಿತು. ಆ ಸಲದ ಬಿಯರು ನಿಂಬೆಯ ವಾಸನೆ ಹೊಡೆಯುತ್ತಿತ್ತು. ಗೆಳೆಯರು ಹೊಗಳಿದರು, ರಾಯರು ಗುಟ್ಟು ಹೇಳಲಿಲ್ಲ.

ಆಮೇಲೆ ಐದು ವರ್ಷ ನೊರೆಯ ಕೆಲಸ ಅವ್ವಣ್ಣನದೇ ಆಯಿತು. ಎಂಬತ್ತಾರರ ಶ್ರಾವಣದಲ್ಲಿ ರಾಯರು ಮಧ್ಯಾಹ್ನದ ಊಟ ಮಾಡಿ ಮಲಗಿದವರು ಏಳಲಿಲ್ಲ.

ಕರ್ಮಗಳು ಮುಗಿದು, ಬಂದ ನೆಂಟರು ಹೋದಮೇಲೆ ಒಂದು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಶಾಮಲಾಬಾಯಿ ಹಿತ್ತಲಿಗೆ ಬಂದರು. ಕೈಯಲ್ಲಿ ಫ್ರಿಜ್ಜಿನ ಆ ಚಿಕ್ಕ ಬಾಟಲಿ.

"ಅವ್ವಣ್ಣ, ಇದು ಇನ್ನೂ ಜೀವ ಅದನೋ ಇಲ್ಲೋ ನೋಡು. ನಾ ಮರತೇಬಿಟ್ಟಿದ್ದೆ. ಕರೆಂಟ್ ಭಾಳ ಹೋಗ್ತಿತ್ತು."

ಅವ್ವಣ್ಣ ಮುಚ್ಚಳ ತೆಗೆದು ಮೂಸಿದ. ಬೆಲ್ಲದ ನೀರಿಗೆ ಹಾಕಿ ನೋಡುವ ಅಗತ್ಯವಿರಲಿಲ್ಲ. ಆದರೂ ಇನ್ನೊಮ್ಮೆ ಮೂಸಿದ.

"ಇಲ್ರಿ ಬಾಯಾರ. ಹೋಗೇತ್ರಿ."

ಆಕೆ ಬಾಟಲಿ ಇಸಿದುಕೊಳ್ಳಲಿಲ್ಲ. ತಿರುಗಿ ಹೋಗಲೂ ಇಲ್ಲ. ಸ್ವಲ್ಪ ಹೊತ್ತು ನಿಂತು, ರಾಯರು ಕೂಡುತ್ತಿದ್ದ ಆ ಕಟ್ಟೆಯ ಮೇಲೆ, ಅವರು ಕೂಡುತ್ತಿದ್ದ ಜಾಗದಲ್ಲೇ ಕುಳಿತರು. ಒಳಗೆ ಪಡ್ಡಿನ ತವೆ ಒಲೆಯ ಮೇಲಿತ್ತು, ಪಕ್ಕದಲ್ಲಿ ರಾಯರು ತುಂಬಿಸಿದ್ದ ಆ ಹಿಟ್ಟಿನ ಗಡಿಗೆ. ಚನ್ನಬಸವ್ವ ಗಂಡನ ಮೋರೆ ನೋಡಿದಳು, ಬಾಯಾರ ಮೋರೆ ನೋಡಿದಳು. ತಾಟು ತೊಳೆದು, ಒರೆಸಿ, ನಾಲ್ಕು ಪಡ್ಡು ಹಾಕಿ ತಂದಳು. ತಂದವಳು ಕೆಳಗಿಡಲು ಅಂಜಿ ಹಾಗೇ ಹಿಡಿದು ನಿಂತಳು. ಶಾಮಲಾಬಾಯಿ ಕೈ ಚಾಚಿ ಇಸಿದುಕೊಂಡರು.

ಒಂದು ಮುರಿದರು. ಮೂಗಿನ ಹತ್ತಿರ ಒಯ್ದು ಕಣ್ಣು ಮುಚ್ಚಿ ಬಹಳ ಹೊತ್ತು ಕುಳಿತರು. ಹಬೆ ಆರಿತು.

"ಇದು ಮೊದಲನೇ ನೊರಿದೋ, ಎರಡನೇದೋ?" ಎಂದರು.

"ಎರಡನೇದ್ರಿ ಬಾಯಾರ," ಎಂದ ಅವ್ವಣ್ಣ.

ಶಾಮಲಾಬಾಯಿ ತಲೆಯಾಡಿಸಿ ತಿಂದರು. ನಾಲ್ಕೂ ಮುಗಿದಮೇಲೆ ತಾಟು ಮುಂದೆ ಹಿಡಿದು, ಇನ್ನೆರಡು ಹಾಕೆಂದರು.